ಲಿಲಾವಿಗೆ ಮುಂಚೆ

ಉದ್ದ ನಲವತ್ತೊಂದು ಮೀಟರು, ಅಗಲ ಮೂರೂ ಚಿಲ್ಲರೆ.
ಟೇಪಿನ ಆ ತುದಿಗೆ ದಾವಲಸಾಬ,
ಈ ತುದಿಗೆ ನಾನು. ಕೆಳಗೆ
ಬೆಣ್ಣಿಹಳ್ಳ. ತಲೆಯ ಮೇಲೆ ತಗಡು.

ಮೋಡವೇ ನೆಂಟರ ಹಾಗೆ ಬಂದುಹೋಗುವ
ಈ ಎರಿಭೂಮಿಯಲ್ಲಿ ಸೇತುವೆಗೇಕೆ ಸೂರು?
ಕೇಳಿದರೆ ರೋಣದ ಹಾದಿಯ ಮಂದಿ ನಗುತ್ತಾರೆ:
'ಮನಷ್ಯಾರಿಗಲ್ರೀ ಸಾಹೇಬ್ರ, ಹತ್ತಿಗೆ.'

ಜಿನ್ನಿನ ಕಂಪನಿಯವರು ಕಟ್ಟಿಸಿದ್ದಂತೆ.
ಜಯಧರ ಹೇರಿದ ಚಕ್ಕಡಿ
ಅಕಾಲದ ಒಂದು ಹನಿಗೂ ಸಿಗದೆ
ಗದಗಿನ ಗೂಡ್ಸ್ ಗಾಡಿ ಮುಟ್ಟಬೇಕು.
ನೆಂದ ಆಳು ಮನೆಗೆ ಹೋಗಿ ಒಣಗಿಕೊಳ್ಳುತ್ತಾನೆ,
ನೆಂದ ಅರಳೆಗೆ ದರ ಬೀಳುತ್ತದೆ.
ಅದಕ್ಕೇ ಎರಡೂ ಕಡೆ ಗೇಟು:
ತುಂಬಿದ ಗಾಡಿ ಮೇಲೆ,
ಬರಿಗೈಯವರು ಕೆಳಗೆ, ಮೊಣಕಾಲುದ್ದ ರಾಡಿಯಲ್ಲಿ.

ನನ್ನಜ್ಜಿ ಹಾಲವ್ವ ಆ ಜಿನ್ನಿನಲ್ಲೇ ಅರಳೆ ಆರಿಸಿದವಳು.
ಸಂಜೆ ಹೊರಬೀಳುವಾಗ ಸೀರೆ ಝಾಡಿಸಿ ತೋರಿಸಬೇಕು
ಒಂದೆಳೆಯೂ ಉಳಿದಿಲ್ಲವೆಂದು.
ತುರುಬಿನೊಳಗೆ ಯಾರೂ ಕೈ ಹಾಕುತ್ತಿರಲಿಲ್ಲ.
ನಮ್ಮ ಜಗಲಿಯ ದೀಪಕ್ಕೆ ವರ್ಷವಿಡೀ ಬತ್ತಿ
ಅಲ್ಲಿಂದಲೇ.

ಬೆಣ್ಣಿಹಳ್ಳ ಬರುವುದೇ ಹಾಗೆ,
ಮಳೆ ಹುಬ್ಬಳ್ಳಿಯ ಕಡೆಗೆ, ನೀರು ಇಲ್ಲಿಗೆ.
ಅಂಥ ಒಂದು ರಾತ್ರಿ, ಮುಗಿಲ ತುಂಬ ಚಿಕ್ಕೆ,
ಹನ್ನೊಂದು ಹೆಂಗಸರು ಹಳ್ಳದ ನಟ್ಟನಡುವೆ,
ಸಪ್ಪಳ ಮೊದಲು ಬಂತು, ನೀರು ಆಮೇಲೆ.
ಗೇಟಿನ ಕೀಲಿ ಪಹರೆಯ ರಾಚಪ್ಪನ ಉಡಿದಾರದಲ್ಲಿ.
ಅವನೇ ತೆಗೆದನೋ, ಇವರೇ ಮುರಿದರೋ,
ಅಜ್ಜಿ ಒಂದೊಂದು ಸಲ ಒಂದೊಂದು ಹೇಳುತ್ತಿದ್ದಳು.
ಹೇಗೋ, ಆ ರಾತ್ರಿಯಿಂದ ಗೇಟಿಲ್ಲ.
ಗೂಟ ಮಾತ್ರ ಇದೆ. ಬರೆದುಕೊಂಡೆ: ಕಬ್ಬಿಣದ ಗೂಟ, ನಾಲ್ಕು.

ತಗಡು ಇನ್ನೂರ ಹನ್ನೆರಡು,
ಅದರಲ್ಲಿ ತುಕ್ಕು ತಿಂದದ್ದು ಅರವತ್ತೇಳು.
ಸಾಗವಾನಿ ತೊಲೆ ಹದಿನೆಂಟು, ಇನ್ನೂ ಗಟ್ಟಿ,
ಬಡಿದರೆ ಒಳ್ಳೆಯ ಮನೆತನದವರಂತೆ ಕಡಿಮೆ ಮಾತಾಡುತ್ತವೆ.
ಸಂದಿಯಲ್ಲಿ ಬೆರಳು ಹಾಕಿದರೆ
ಕಂದಿದ ಅರಳೆ, ಅದರ ಮೇಲೆ ಗುಬ್ಬಿಗೂಡು.
'ಇದನ್ನೂ ಬರಕೊಳ್ಳೋದೇನ್ರಿ?' ದಾವಲಸಾಬ ಕೇಳಿದ.
ಏಣಿ ಇಳಿದೆ.

ನಮೂನೆಯ ಒಂಬತ್ತನೆಯ ಕಾಲಮ್ಮು: ಸದ್ಯದ ಉಪಯೋಗ.
ಹಿಂದಿನವರು 'ನಿಲ್' ಎಂದು ಬರೆದು ಸಹಿ ಹಾಕಿದ್ದಾರೆ.
ಸುಳ್ಳಲ್ಲ. ಒಂದು ಹರದಾರಿ ಆಚೆ ಹೊಸ ಸಿಮೆಂಟಿನ ಸೇತುವೆ,
ಬಸ್ಸು, ಲಾರಿ, ಮಂತ್ರಿಗಳ ಕಾರು ಎಲ್ಲ ಅದರ ಮೇಲೆ.
ಜಿನ್ನಿನ ಜಾಗದಲ್ಲಿ ಕಲ್ಯಾಣ ಮಂಟಪ.

ಆಗ ಹಿಡಿಯಿತು ಹುಬ್ಬಿ ಮಳೆ.

ಹೆಸರು ಬಿಡಿಸುತ್ತಿದ್ದ ಹೆಂಗಸರು ಹೊಲದಿಂದ ಓಡಿ ಬಂದರು,
ಮೊಪೆಡ್ಡಿಗೆ ಪ್ಲಾಸ್ಟಿಕ್ ಕೊಡ ಕಟ್ಟಿಕೊಂಡ ವ್ಯಾಪಾರಿ,
ಒಂದೇ ಬೂಟಿನ ಶಾಲೆಯ ಹುಡುಗ,
ಹೆಣ್ಣು ನೋಡಲು ಹೊರಟ ಮೂವರು, ಇಸ್ತ್ರಿ ಮುರಿಯದಂತೆ
ಕೈ ಎತ್ತಿಕೊಂಡೇ ನಿಂತರು.
ಕುರಿಗಳಂತೂ ಕೇಳಲೇ ಇಲ್ಲ, ನುಗ್ಗಿದವು.
ಮೂರು ಮೀಟರು ಚಿಲ್ಲರೆ ಅಗಲದಲ್ಲಿ
ಎಲ್ಲರೂ ಹಿಡಿಸಿದರು, ಒಬ್ಬರ ಉಸಿರು ಒಬ್ಬರಿಗೆ ತಾಗಿ.
ಯಾರೋ ಹಸಿ ಹೆಸರುಕಾಯಿ ಹಂಚಿದರು.
ಒಬ್ಬಳು ಮುದುಕಿ ಏನನ್ನೂ ಕೇಳದೆ
ನನ್ನ ಎಡಗೈಗೆ ಒಂದು ಮರಿ ಕೊಟ್ಟು
ತನ್ನ ಸೆರಗು ಹಿಂಡಿಕೊಳ್ಳತೊಡಗಿದಳು.
ಮರಿಯ ಎದೆ ನನ್ನ ಗಡಿಯಾರಕ್ಕಿಂತ ಜೋರು.

ತುಕ್ಕು ಹಿಡಿದ ಅರವತ್ತೇಳರಲ್ಲಿ ಯಾವುದೋ ಒಂದು
ಸರಿಯಾಗಿ ನನ್ನ ಪುಸ್ತಕದ ಮೇಲೆ ಸೋರಿತು.
'ನಿಲ್'ನ ಶಾಯಿ ಹರಡುತ್ತ ಹರಡುತ್ತ
ಎಂಟನೆಯ ಕಾಲಮ್ಮಿಗೂ ಹೋಯಿತು.
ಒರೆಸಲು ಕೈ ಖಾಲಿ ಇರಲಿಲ್ಲ.

ದಾವಲಸಾಬ ಆ ತುದಿಯಿಂದ ಏನೋ ಅಂಕಿ ಕೂಗಿದ.
ತಗಡಿನ ಮೇಲೆ ಮಳೆ, ಏನೂ ಕೇಳಿಸಲಿಲ್ಲ.
ನಾನೂ ಕೂಗಿದೆ:
'ತಡೀಪಾ, ಮೊದಲಿಂದ ಅಳಿಯೋಣು.'